ನನ್ನ ಕೈಗೆ ಬಂದರೆ ನಿಲ್ಲುವ ವಾಚು

ನಿವೃತ್ತನಾದವನಿಗೆ ವಾಚು ಯಾತಕ್ಕೆ ಎಂದು ನೀವು ಕೇಳುವ ಮುಂಚೆಯೇ ಒಪ್ಪಿಕೊಂಡುಬಿಡುತ್ತೇನೆ: ಯಾತಕ್ಕೂ ಬೇಕಾಗಿಲ್ಲ. ಚನ್ನಪಟ್ಟಣದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದಾಗ ಗಂಟೆ ಹೊಡೆಯಲು ಜವಾನನಿದ್ದ. ಗಂಟೆ ಹೊಡೆದದ್ದನ್ನು ನೆನಪು ಮಾಡಲು ಹಿಂದಿನ ಬೆಂಚಿನವರಿದ್ದರು. ಕೈಯಲ್ಲಿ ಸೆಲ್ ಹಾಕಿದ ಒಂದು ಸಾಧಾರಣ ವಾಚು ಇತ್ತಾದರೂ ಅದನ್ನು ನೋಡುವ ಪ್ರಮೇಯವೇ ಬರುತ್ತಿರಲಿಲ್ಲ. ಈಗ ಹೊಂಗನೂರಿನ ನಮ್ಮ ಮನೆಯಲ್ಲಿ ಹೊತ್ತು ಹೋಗುವುದೇ ಕಷ್ಟ. ಹೊತ್ತು ಹೋಗದವನೇ ಹೊತ್ತು ಅಳೆಯುವ ಯಂತ್ರಕ್ಕೆ ಮರುಳಾದದ್ದು ತಮಾಷೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನನಗೆ ಹಿಟ್ಟೇನೋ ಇದೆ, ಜುಟ್ಟೇ ಇಲ್ಲ.

ಮರುಳು ಹತ್ತಿಸಿದ್ದು ಮೊಬೈಲು. ಊಟವಾದ ಮೇಲೆ ದಿಂಬಿಗೊರಗಿ ನೋಡುತ್ತಿದ್ದ ವೀಡಿಯೊಗಳಲ್ಲಿ ಯಾರೋ ಒಬ್ಬ ಗಡ್ಡದವನು ಹೊಸಬರಿಗೆ ಉಪದೇಶ ಮಾಡುತ್ತಿದ್ದ. ಸೆಲ್ ಹಾಕಿದ ವಾಚಿಗೆ ಜೀವವಿಲ್ಲವಂತೆ, ಸ್ಪ್ರಿಂಗು ಚಕ್ರಗಳಿಂದ ನಡೆಯುವ ಮೆಕ್ಯಾನಿಕಲ್ ವಾಚಿಗೆ ಮಾತ್ರ ಉಸಿರಿದೆಯಂತೆ. ಸಾವಿರಾರು ಮಂದಿ ಹೌದೌದು ಅಂದಿದ್ದರು. ನಾನೂ ಅಂದೆ. ಒಂದೇ ವಾರದಲ್ಲಿ ಬೀದಿಯಲ್ಲಿ ಯಾರು ಎದುರಾದರೂ ಮುಖ ಬಿಟ್ಟು ಮಣಿಕಟ್ಟು ನೋಡುವ ಹಂತಕ್ಕೆ ಬಂದೆ. ಅಗಲವಾದ ವಾಚು ನನ್ನಂಥ ಸಣಕಲು ಕೈಗೆ ಒಪ್ಪುವುದಿಲ್ಲ, ಬಿಡದಿಯ ತಟ್ಟೆ ಇಡ್ಲಿಯನ್ನು ಲೋಟದ ಮೇಲಿಟ್ಟ ಹಾಗೆ ಕಾಣುತ್ತದೆ ಎಂಬಷ್ಟು ವಿವೇಕ ಮಾತ್ರ ಉಳಿದಿತ್ತು.

ಹೊಸಬನ ಮುಂದೆ ಎರಡು ದಾರಿ. ಒಂದು, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ವಾಚು. ಇನ್ನೊಂದು ಆಟೋಮ್ಯಾಟಿಕ್. ಇದರ ಹೊಟ್ಟೆಯಲ್ಲಿ ಅರ್ಧಚಂದ್ರದಂಥ ಒಂದು ತೂಕದ ತಗಡಿರುತ್ತದೆ. ಕೈ ಆಡಿದ ಹಾಗೆಲ್ಲ ಅದೂ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಬೆಳಿಗ್ಗೆ ಎದ್ದು ಎರಡು ಬೆರಳಲ್ಲಿ ಕೀ ತಿರುಗಿಸುವುದೂ ಒಂದು ಕೆಲಸವಲ್ಲವೇ ಎಂದು ಯೋಚಿಸಿ ನಾನು ಚನ್ನಪಟ್ಟಣದ ವಾಚಿನಂಗಡಿಯಲ್ಲಿ ಆಟೋಮ್ಯಾಟಿಕ್ಕಿಗೆ ಕೈ ಹಾಕಿದೆ. ಕೈಗೆಟುಕುವ ಬೆಲೆಯದ್ದರಲ್ಲಿ ಒಳ್ಳೆಯದು ಎಂದು ಗಡ್ಡದವನೇ ಹೇಳಿದ್ದ ಮಾದರಿ. ಅದಕ್ಕೆ ಕೀ ಕೊಡುವ ಸೌಲಭ್ಯವೇ ಇಲ್ಲ. ಕಟ್ಟಿಕೊಂಡವನ ಕೈಯೇ ಅದಕ್ಕೆ ಕೀ. ಬೆಲೆ ಮಾತ್ರ ಕೇಳಬೇಡಿ. ಹೇಳಿದರೆ ಅರ್ಧ ಜನ ‘ಇಷ್ಟೊಂದಾ’ ಅನ್ನುತ್ತಾರೆ, ಉಳಿದರ್ಧ ‘ಇಷ್ಟೇನಾ’ ಅನ್ನುತ್ತಾರೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ವಾಚಿನ ಜತೆಗೆ ಅದರ ಮಡಿಮೈಲಿಗೆಯೂ ಮನೆಗೆ ಬಂತು. ಸೋಪಿನ ನೀರು ಸೋಕಬಾರದು. ಸ್ಪೀಕರಿನ ಪಕ್ಕ ಇಡಬಾರದು, ಆಯಸ್ಕಾಂತ ತಗಲಿದರೆ ನಡಿಗೆ ಕೆಡುತ್ತದೆ. ಪೆಟ್ಟು ಬೀಳಬಾರದು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಕೂಡದು, ಆ ಹೊತ್ತಿನಲ್ಲಿ ಒಳಗಿನ ಹಲ್ಲುಚಕ್ರಗಳು ಕಚ್ಚಿಕೊಂಡಿರುತ್ತವೆ. ಇದನ್ನೆಲ್ಲ ನಾನು ಭಕ್ತಿಯಿಂದ ಹೆಂಡತಿ ಜಯಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, “ಅಯ್ಯೋ ಶಿವನೇ, ವಾಚ್ಗೂ ರಾವುಗಾಲ ಐತಾ? ನನ್ನ ಬಾಣಂತನದಲ್ಲೂ ಇಷ್ಟು ಪಥ್ಯ ಇರ್ನಿಲ್ಲ” ಅಂದಳು.

ಈಗ ನಮ್ಮ ಮನೆಯ ಕಸುಬಿನ ಬಗ್ಗೆ ಒಂದು ಮಾತು. ಹಿತ್ತಿಲಿನಾಚೆ ಹಿಪ್ಪುನೇರಳೆ ತೋಟವಿದೆ, ಅದರ ಪಕ್ಕಕ್ಕೆ ರೇಷ್ಮೆ ಹುಳು ಸಾಕುವ ಹುಳುಮನೆ. ನಿವೃತ್ತನಾದ ದಿನದಿಂದ ನಾನು ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಕೂತು, “ಈಗ ಪೂರ್ತಿ ರೇಷ್ಮೆಗೆ ಇಳಿದಿದೀನಿ” ಎಂದು ಹೇಳಿಕೊಂಡು ಬಂದಿದ್ದೆ. ‘ಈ ಸಲ ನಮ್ಮ ಬೆಳೆ ಚೆನ್ನಾಗಿ ಬಂತು’, ‘ರಾಮನಗರದ ಮಾರ್ಕೆಟ್ಟಲ್ಲಿ ನಮ್ಮ ಗೂಡಿಗೆ ಒಳ್ಳೇ ರೇಟು’ ಎಂದೆಲ್ಲ ಮಾತಾಡುತ್ತಿದ್ದೆ. ಮೇಷ್ಟ್ರು ಮಣ್ಣಿನ ಮಗ ಆದ್ರು ಎಂದು ಊರೂ ತಲೆದೂಗುತ್ತಿತ್ತು. ಆ ಹೆಸರು ನನಗೆ ಬಹಳ ಹಿತವಾಗಿತ್ತು. ಕಾಲೇಜಿನಲ್ಲಿ ಯಾರೂ ನನ್ನನ್ನು ದುಡಿಯುವವನು ಎಂದು ಕರೆದಿರಲಿಲ್ಲ.

ವಾಚು ಮಾನ ಕಳೆಯಲು ಶುರು ಮಾಡಿದ್ದು ಬಂದ ಮೂರನೇ ದಿನವೇ. ಬೆಳಿಗ್ಗೆ ಎದ್ದು ನೋಡಿದರೆ ನಿಂತಿತ್ತು. ಕುಲುಕಿದೆ, ನಡೆಯಿತು. ಮಧ್ಯಾಹ್ನ ಮಲಗಿ ಎದ್ದರೆ ಮತ್ತೆ ನಿಂತಿತ್ತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೋಳು ಮಡಿಸಿ ಕೂತಿದ್ದಾಗ ನನ್ನ ಬಾಲ್ಯದ ಗೆಳೆಯ ಪುಟ್ಟಸ್ವಾಮಿ ಬಗ್ಗಿ ನೋಡಿ, “ಲೇ, ಹತ್ತು ಗಂಟೆ ಬಸ್ಸು ಹೋಗಿ ಆಗ್ಲೇ ಎಷ್ಟೊತ್ತಾಯ್ತು, ನಿನ್ ವಾಚು ಇನ್ನೂ ಆರೂವರೇಲಿ ಮಲ್ಗೈತೆ ಕಣ್ಲಾ” ಎಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮೋಸದ ಮಾಲು ಕೊಟ್ಟಿದ್ದಾನೆ, ಅಂಗಡಿಯವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ನಾನು ಎಲ್ಲರೆದುರು ಪ್ರತಿಜ್ಞೆ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನೆಲ ನಿಜವಾಗಿಯೂ ಡೊಂಕಿರಬಹುದು ಎಂದು ಆಗ ಪ್ರಾಮಾಣಿಕವಾಗಿಯೇ ನಂಬಿದ್ದೆ.

ಜಗಳಕ್ಕೆ ಹೋಗುವ ಮುಂಚೆ ಒಂದು ಪ್ರಯೋಗ ಮಾಡಿ ನೋಡೋಣವೆಂದುಕೊಂಡೆ. ವಾಚಿಗೆ ಬೇಕಾದದ್ದು ಕೈಯಾಟ ತಾನೇ? ರಸ್ತೆ ಬದಿಯ ಮರದ ನೆರಳಲ್ಲಿ ನಿಂತು, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತೋಳನ್ನು ಮೇಲಕ್ಕೂ ಕೆಳಕ್ಕೂ ಜೋರಾಗಿ ಬೀಸತೊಡಗಿದೆ. ತಿರುವಿನಲ್ಲಿ ಬಂದ ಪ್ರೈವೇಟ್ ಬಸ್ಸು ಕಿರ್ರೆಂದು ನನ್ನ ಮುಂದೆಯೇ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಹತ್ತಿ ಸಾರ್ ಬೇಗ! ಅಷ್ಟೊಂದ್ ಅರ್ಜೆಂಟಾಗಿ ಕೈ ಬೀಸ್ತಿದ್ರಿ, ಆಸ್ಪತ್ರೆಗಾ?” ಎಂದ. ವಾಚಿಗೆ ವ್ಯಾಯಾಮ ಮಾಡಿಸುತ್ತಿದ್ದೆ ಎಂದು ಹೇಳುವ ಧೈರ್ಯ ಯಾರಿಗಿದೆ? ಕಿಟಕಿಗಳಲ್ಲಿ ಪರಿಚಯದ ಮುಖಗಳಿದ್ದವು. ತೆಪ್ಪಗೆ ಹತ್ತಿ ಕೂತೆ. ಹಾಗೆ, ಹಳೇ ಚಪ್ಪಲಿಯಲ್ಲಿ, ಮಾಸಿದ ಅಂಗಿಯಲ್ಲಿ ಚನ್ನಪಟ್ಟಣ ಸೇರಿದೆ. ಬಂದಮೇಲೆ ಇನ್ನೇನು, ಜಗಳವನ್ನಾದರೂ ಮುಗಿಸೋಣವೆಂದು ವಾಚಿನಂಗಡಿಗೆ ನಡೆದೆ.

ಅಂಗಡಿಯವನು ನನ್ನ ಭಾಷಣವನ್ನೆಲ್ಲ ಸಾವಧಾನವಾಗಿ ಕೇಳಿದ. ವಾಚನ್ನು ಕಿವಿಗೆ ಹಿಡಿದ, ಒಂದು ಮಿಷನ್ನಿನ ಮೇಲಿಟ್ಟು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, “ಸಾರ್ ಏನ್ ಕೆಲ್ಸ ಮಾಡ್ಕಂಡಿದೀರಿ?” ಎಂದು ಕೇಳಿದ.

“ರಿಟೈರ್ಡು.”

“ಓ” ಎಂದ ಅವನು.

ಅಷ್ಟು ಸಣ್ಣ ಅಕ್ಷರದಲ್ಲಿ ಅಷ್ಟು ದೊಡ್ಡ ಬೈಗುಳ ಅಡಗಿರಬಹುದೆಂದು ಇಷ್ಟು ವರ್ಷ ವ್ಯಾಕರಣ ಹೇಳಿದ ನನಗೇ ಗೊತ್ತಿರಲಿಲ್ಲ. “ರೇಷ್ಮೆ ಮಾಡ್ತೀವಿ” ಎಂದು ತಕ್ಷಣ ಸೇರಿಸಿದೆ. ಅವನು ನನ್ನ ಬೆರಳುಗಳ ಕಡೆ ಒಮ್ಮೆ ನೋಡಿ, “ಒಂದ್ ಕೆಲ್ಸ ಮಾಡಿ ಸಾರ್. ಒಂದ್ ವಾರ ಬೇರೆಯೋರ್ ಕೈಗೆ ಕಟ್ಟಿ. ಅಲ್ಲೂ ನಿಂತ್ರೆ ವಾಚು ಕೆಟ್ಟೈತೆ ಅಂತ ಲೆಕ್ಕ, ಬೇರೇದ್ ಕೊಡ್ತೀನಿ. ನಿಲ್ನಿಲ್ಲ ಅಂದ್ರೆ…” ಎಂದು ಅಲ್ಲಿಗೇ ಬಿಟ್ಟ. ಬಿಟ್ಟದ್ದನ್ನು ನಾನು ದಾರಿಯುದ್ದಕ್ಕೂ ತುಂಬಿಸಿಕೊಳ್ಳುತ್ತಾ ಬಂದೆ. ಕೆಟ್ಟಿರುವುದು ವಾಚೋ ನಾನೋ ಎಂಬುದು ಒಂದು ವಾರದಲ್ಲಿ ಇತ್ಯರ್ಥವಾಗಲಿತ್ತು.

ಮೊದಲು ಪುಟ್ಟಸ್ವಾಮಿಯನ್ನು ಕೇಳಿದೆ. “ನನ್ ಕೈಗಾ? ಸತ್ತೇ ಹೋಯ್ತದೆ ಬುಡು. ನಾನು ಟೀ ಲೋಟ ಎತ್ತೋದು ಬುಟ್ರೆ ಇನ್ನೇನ್ ಎತ್ತೀನಿ? ಮನೇಲಿ ಜಯಕ್ಕನ್ ಕೈಗೆ ಕಟ್ಟು ಹೋಗ್” ಎಂದ. ಬೆಂಚಿನ ಮಿಕ್ಕವರೂ ಅದೇ ಸರಿ ಅಂದರು. ಫಲಿತಾಂಶ ತಿಳಿಯಲು ಎಲ್ಲರಿಗೂ ಕುತೂಹಲ.

ಜಯಮ್ಮ ಮೊದಲು ಒಲ್ಲೆನೆಂದಳು. “ನಂಗ್ಯಾಕ್ರೀ ಅದು? ಕೆಲ್ಸಕ್ಕೆ ಅಡ್ಡ.” ಕೊನೆಗೆ ನನ್ನ ಕಾಟ ತಡೆಯಲಾರದೆ ಬಳೆಗಳನ್ನು ಮೇಲಕ್ಕೆ ತಳ್ಳಿ ಕೈ ಚಾಚಿದಳು. ಆ ವಾರ ನಾನು ಅವಳ ಬೆನ್ನು ಬಿಡಲಿಲ್ಲ. ತಪ್ಪು ತಿಳಿಯಬೇಡಿ, ಕಾಳಜಿಯೆಲ್ಲ ವಾಚಿನ ಮೇಲೆ. ಅವಳು ತೋಟದಲ್ಲಿ ಕುಡುಗೋಲಿನಿಂದ ಸೊಪ್ಪು ಕುಯ್ಯುವಾಗ, “ಮೆಲ್ಲಗೆ ಕಣೇ, ಪೆಟ್ಟು ಬೀಳಬಾರದು” ಎಂದೆ. “ಮೆಲ್ಲುಗ್ ಕುಯ್ದ್ರೆ ಹುಳ ಕಾಯ್ತವಾ? ನೀವೇ ಕುಯ್ರಿ ಅಂಗಾದ್ರೆ” ಎಂದಳು. ನಾನು ನೆರಳಿಗೆ ಸರಿದೆ. ಅವಳು ಹೊರೆ ಕಟ್ಟಿದಳು, ಹೊತ್ತಳು, ಹುಳುಮನೆಯಲ್ಲಿ ಹರಡಿದಳು, ಹಿಕ್ಕೆ ಬಾಚಿ ಹೊರಗೆ ಹಾಕಿದಳು. ಒಳಗೆ ಬಂದು ಮುದ್ದೆಕೋಲು ಹಿಡಿದು ಎಸರಿನಲ್ಲಿ ಹಿಟ್ಟು ತಿರುವಿದಳು. ನಾನು ಎರಡು ಮುದ್ದೆ ಉಂಡೆ. ಅವಳು ಅರ್ಧ ಉಂಡು ಮತ್ತೆ ತೋಟಕ್ಕೆ ಹೋದಳು. ಹುಳು ದೊಡ್ಡದಾಗಿ ಹಗಲಿರುಳು ಮೇಯುವ ಕಾಲವದು, ಬಾಗಿಲಲ್ಲಿ ನಿಂತರೆ ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತಿತ್ತು. ಆ ಸದ್ದನ್ನು ಟೀ ಅಂಗಡಿಯಲ್ಲಿ ನಾನು ಎಷ್ಟೋ ಸಲ ವರ್ಣಿಸಿದ್ದೆ. ಒಂದು ಗಂಟೆ ಅಲ್ಲೇ ನಿಂತು ಕೇಳಿದ್ದು ಅದೇ ಮೊದಲು, ಅದೂ ವಾಚನ್ನು ಕಾಯಲು.

ತರಗತಿಯಲ್ಲಿ ನಾನು ‘ಗಡಿಯಾರ’ ಶಬ್ದದ ಬೇರನ್ನು ಹಿಡಿದು ಘಳಿಗೆ ಬಟ್ಟಲಿನ ಪಾಠ ಮಾಡುತ್ತಿದ್ದುದುಂಟು. ತಳದಲ್ಲಿ ಸಣ್ಣ ತೂತಿನ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತು ಒಂದು ಘಳಿಗೆ. ಮುಳುಗಿದ ಕೂಡಲೇ ಯಾರಾದರೂ ಅದನ್ನೆತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಬೇಕು. ಮದುವೆಮನೆಯಲ್ಲಿ ಈ ಲೆಕ್ಕ ಹಿಡಿದು ಮುಹೂರ್ತವಿಟ್ಟ ಜೋಯಿಸರಿಗೆ ದಕ್ಷಿಣೆ, ತಾಂಬೂಲ. ಬಟ್ಟಲೆತ್ತುತ್ತಾ ಕೂತವರು ಉಂಡರೋ ಇಲ್ಲವೋ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹುಳುಮನೆಯ ಹೊಸ್ತಿಲಲ್ಲಿ ಅದು ಹೊಳೆದಾಗ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ವಾರ ಮುಗಿಯಿತು. ವಾಚು ಒಂದು ಸಲವೂ ನಿಲ್ಲಲಿಲ್ಲ. ರಾತ್ರಿ ಅವಳು ಬಿಚ್ಚಿಟ್ಟರೂ ಹಗಲೆಲ್ಲ ತುಂಬಿಸಿಕೊಂಡ ಶಕ್ತಿಯಲ್ಲಿ ಬೆಳಗಾಗುವವರೆಗೆ ಟಿಕ್ ಟಿಕ್ ಎನ್ನುತ್ತಿತ್ತು. ಇದು ನಿನ್ನದೇ, ನೀನೇ ಇಟ್ಟುಕೋ ಎಂದೆ. ಇಷ್ಟು ದೊಡ್ಡ ತ್ಯಾಗಕ್ಕೆ ಅವಳ ಕಣ್ಣು ತುಂಬಬಹುದೆಂದು ಕಾದೆ.

“ನಂಗ್ಯಾಕೆ? ಅದ್ನ ನೋಡೋಕ್ ನಂಗೆಲ್ಲಿ ಪುರ್ಸೊತ್ತೈತೆ?” ಎಂದಳು. ಆಮೇಲೆ ನನ್ನ ಪೆಚ್ಚು ಮೋರೆ ನೋಡಿ ಅವಳಿಗೇ ಅಯ್ಯೋ ಅನ್ನಿಸಿರಬೇಕು. “ಒಂದ್ ಕೆಲ್ಸ ಮಾಡನ ಬುಡಿ. ಬೆಳಿಗ್ಗೆಯಿಂದ ನಾನ್ ಕಟ್ಕತೀನಿ. ಸಂಜೆ ಟೀ ಅಂಗ್ಡಿಗ್ ಹೋಗೋವಾಗ ನೀವ್ ಕಟ್ಕಳಿ. ನಡ್ಸೋದು ನಾನು, ತೋರ್ಸೋದು ನೀವು” ಎಂದು ನಕ್ಕಳು. ಅವಳು ಚುಚ್ಚಲು ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಕೈ ಮಾತ್ರ ಚಾಚಿದೆ.

ಸಂಜೆ ಟೀ ಅಂಗಡಿಯಲ್ಲಿ ನ್ಯಾಯಸ್ಥಾನ ಸೇರಿತ್ತು. ಪುಟ್ಟಸ್ವಾಮಿ ನನ್ನ ಕೈ ಎಳೆದು ನೋಡಿ, “ಅರೆ, ನಡೀತಾ ಐತಲ್ಲ! ಯಾರ್ಲಾ ರಿಪೇರಿ ಮಾಡ್ದೋರು?” ಎಂದ. ಅಂಗಡಿಯವನು ಹೊಸದು ಕೊಟ್ಟ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಮಣ್ಣಿನ ಮಗನೆಂಬ ನನ್ನ ಹೆಸರು ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ಆದರೆ ವಾಚಿನ ಪಟ್ಟಿಯಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪಿನ ಹಾಲಿನ ಅಂಟು ಇತ್ತು, ಬೆರಳಿಗೆ ತಾಕಿತು. ಹೇಳಿಬಿಟ್ಟೆ. ವಾಚಿಗೆ ಏನೂ ಆಗಿಲ್ಲ, ದುಡಿಯುವ ಕೈಯಲ್ಲಿ ನಡೆಯುತ್ತದೆ, ನನ್ನ ಕೈಯಲ್ಲಿ ನಿಲ್ಲುತ್ತದೆ, ಈಗ ನಡೆಯುತ್ತಿರುವುದು ಜಯಮ್ಮನ ದುಡಿಮೆಯಲ್ಲಿ ಎಂದೆ. ನಗು ಬರುವುದೆಂದು ಕಾದು ತಲೆ ತಗ್ಗಿಸಿದೆ.

ಯಾರೂ ನಗಲಿಲ್ಲ. ತಲೆಯೆತ್ತಿ ನೋಡಿದರೆ ಬೆಂಚಿನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ತಂತಮ್ಮ ಮಣಿಕಟ್ಟು ನೋಡಿಕೊಳ್ಳುತ್ತಿದ್ದರು. ಪುಟ್ಟಸ್ವಾಮಿ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದು ತನ್ನ ವಾಚನ್ನು ಮುಚ್ಚಿ, ದೀರ್ಘವಾಗಿ ಉಸಿರುಬಿಟ್ಟ.

“ಸದ್ಯ! ನಮ್ದೆಲ್ಲ ಸೆಲ್ ವಾಚು ಕಣ್ಲಾ” ಎಂದ.