ನನ್ನ ಮೂರು ಸಾಲು ಜೋಳ

ನಿಜಾಮರ ಕಾಲದಲ್ಲಿ ನಾನು ಪಾಮನಕಲ್ಲೂರಿನ ಕಪ್ಪು ಎರೆಹೊಲದ ಮನೆಗೆ ಸೊಸೆಯಾಗಿ ಬಂದೆ. ತವರು ಸಿಂಧನೂರಿನಾಚೆ, ಹೊಳೆದಂಡೆಯಲ್ಲಿ. ಅಲ್ಲಿ ಬದನೆ ಗಿಡ ಬಾಡಿದರೆ ಅವ್ವ ಒಂದು ಕೊಡ ನೀರು ಹಾಕುತ್ತಿದ್ದಳು, ಸಂಜೆಗೆ ಅದು ತಲೆ ಎತ್ತುತ್ತಿತ್ತು. ಬೇಸಾಯವೆಂದರೆ ಅಷ್ಟೇ ಎಂದು ತಿಳಿದಿದ್ದೆ.

ಅತ್ತೆಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹಿಂಗಾರಿ ಜೋಳ ಬಿತ್ತುವಾಗ ಹೊಲದ ಮೂಲೆಯ ಮೂರು ಗಿಡ್ಡ ಸಾಲು ಹೊಸ ಸೊಸೆಯವು. ಅವು ಹಾಲುಗಾಳು ಕಟ್ಟಿದಾಗ ಅವಳ ತಾಯಿಯನ್ನು ಸೀತನಿಗೆ ಕರೆಯುತ್ತಿದ್ದರು. ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ತಿಕ್ಕಿ, ಬಿಸಿ ಕಾಳು ಕೈಗೆ ಹಾಕುವುದು. ನನಗೆ ಜೋಳ ಬೇಕಿರಲಿಲ್ಲ, ಅವ್ವ ಬೇಕಿತ್ತು. ಹೋಗುವಾಗ ಬಂಡಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗುತ್ತಾಳೆಂದು ಆಸೆ ಕಟ್ಟಿಕೊಂಡಿದ್ದೆ.

ಚಿತ್ತಿ ಮಳೆ ಮುಗಿದ ಮೇಲೆ ಆಕಾಶ ತೊಳೆದಿಟ್ಟ ತಾಟಿನಂತೆ ಖಾಲಿಯಾಯಿತು. ನೆಲ ಬಾಯಿ ಬಿಟ್ಟಿತು. ಮನೆಯವರೆಲ್ಲ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚತೊಡಗಿದರು. ಬಾಯಾರಿದ ನೆಲಕ್ಕೆ ನೀರು ಕೊಡದೆ ಬಾಯಿ ಮುಚ್ಚಿಸುತ್ತಾರಲ್ಲ ಎಂದು ನನಗೆ ಸಿಟ್ಟು.

"ನೀರು ಹಾಕೋದು ಬ್ಯಾಡೇನ್ರಿ ಅತ್ತಿ?"

"ಕೆಳಗ ಹಸಿ ಐತಿ ಬೇ. ಬೇರು ಹುಡಿಕ್ಕೊಂತ ಇಳೀತಾವ. ಬಿಸಲು ಒಳಗ ಹೋಗದಂಗ ನೋಡ್ಕೊಂಡ್ರ ಸಾಕು, ಉಳಿದದ್ದು ಚಳಿ ನೋಡ್ಕೊಂತೈತಿ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರಿಗೂ ಕಾಣದಂತೆ ಹಳ್ಳದಿಂದ ದಿನಾ ನಾಲ್ಕು ಕೊಡ ತಂದು ನನ್ನ ಸಾಲಿಗೆ ಸುರಿದೆ. ಬೇಗ ಬೆಳೆದರೆ ಅವ್ವ ಬೇಗ ಬರುತ್ತಾಳಲ್ಲ. ಪೈರು ಕಪ್ಪಗೆ ಮಿಂಚಿತು, ನಾನೂ ಬೀಗಿದೆ. ಅಷ್ಟರಲ್ಲಿ ಹಳ್ಳ ಬತ್ತಿತು. ಎಂಟು ದಿನದ ಬಿಸಿಲಿಗೆ ನನ್ನ ಸಾಲಿನ ಎಲೆಗಳು ಸುರುಟಿ ಒಣಗಿದವು, ಪಕ್ಕದವು ಹಾಗೇ ಹಸಿರಾಗಿ ನಿಂತಿದ್ದವು. ಒಂದು ದಂಟು ಕಿತ್ತು ನೋಡಿದೆ. ಬೇರೆಲ್ಲ ಮೇಲೆಯೇ ಹರಡಿತ್ತು, ಕೊಡದ ನೀರಿಗೆ ಕಾಯುತ್ತ.

ಅತ್ತೆ ನೋಡಿದಳು. ಉಳಿದ ಸಾಲುಗಳು ಹಾಲುಗಾಳು ಕಟ್ಟಿದಾಗ ಅವ್ವನನ್ನು ಕರೆಸಿದಳು. ಅವ್ವ ಬಂದ ದಿನ ಅತ್ತೆ ತನ್ನ ಸಾಲಿನ ತೆನೆ ಸುಟ್ಟು ತಿಕ್ಕಿ, "ನಿಮ್ಮ ಮಗಳ ಸಾಲಿನವು, ಬೀಗ್ತಿ, ತಿನ್ರಿ" ಅಂದಳು. ಅವ್ವ ತಿಂದಳು. ನಾನು ತಲೆ ಎತ್ತಲಿಲ್ಲ.

ಬಂಡಿ ಹೂಡಿದಾಗ ಅವ್ವ ನನ್ನನ್ನು ಪಕ್ಕಕ್ಕೆ ಕರೆದಳು.

"ಮೂಲ್ಯಾಗ ಒಣಗಿ ನಿಂತಾವಲ್ಲ, ಅವು ನಿನ್ನವು. ನೀರು ಹೊತ್ತು ಹಾಕೀದಿ, ನಾ ಕಲಿಸಿದ ಚಟ ಅದು. ನಿನ್ನ ಕರಕೊಂಡು ಹೋಗಬೇಕಂತ ಬಂದಿದ್ದೆ. ತಪ್ಪನ್ನ ಹಿಂಗ ಹೊಟ್ಟ್ಯಾಗ ಹಾಕ್ಕೊಳ್ಳೋ ಅತ್ತಿ ಇದ್ದಮ್ಯಾಲ ನನಗೇನು ಚಿಂತಿ. ಇಲ್ಲೇ ಇರು."

ನೆಮ್ಮದಿಯಿಂದ ಕಣ್ಣೊರೆಸಿಕೊಂಡು ಬಂಡಿ ಹತ್ತಿದಳು. ನಾನು ಒಣ ಸಾಲಿನ ಹತ್ತಿರ ನಿಂತೇ ಇದ್ದೆ.

ಅಂಥ ಅತ್ತೆ ಯಾರಿಗೂ ಸಿಗುವುದಿಲ್ಲ ಎಂದು ಊರು ಹೊಗಳುತ್ತಿತ್ತು. ನಾನೂ ಹೊಗಳುತ್ತೇನೆ. ಆದರೆ ಅವ್ವನೆದುರು ಆಕೆ ನನ್ನನ್ನು ನಾಲ್ಕು ಮಾತು ಬೈದಿದ್ದರೆ ಅಂದು ಅವಳ ಬಂಡಿ ಹತ್ತಿ ಹೊಳೆದಂಡೆಯ ತವರಿಗೆ ಹೋಗುತ್ತಿದ್ದೆ. ಇಬ್ಬರೂ ತೀರಿಹೋಗಿ ಎಷ್ಟೋ ಕಾಲವಾಯಿತು, ಆ ಬೈಗುಳಕ್ಕಾಗಿ ಇವತ್ತಿಗೂ ಹಂಬಲಿಸುತ್ತೇನೆ.