ರಜಿಯಾ ಟೀಚರಿಗೆ ಬಂದ ಫೋನು

ಕಂಪ್ಯೂಟರಿನಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಯಾರಾದರೂ ವಿಚಿತ್ರ ಸಂಗತಿಗಳ ಮಾತು ತೆಗೆದರೆ ನಡುವೆಯೇ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ಮುಜುಗರವೇ ಆಗುತ್ತಿದೆ.

ನಾನಿರುವುದು ಬಸವಕಲ್ಯಾಣದಲ್ಲಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಕನ್ನಡ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಮುಕ್ತ ತಂತ್ರಾಂಶಕ್ಕಾಗಿ, ಎಂದರೆ ಹಲವರು ಸೇರಿ ಬರೆದು ಉಚಿತವಾಗಿ ಹಂಚುವ ತಂತ್ರಾಂಶಕ್ಕಾಗಿ, ಬಿಡುವಿನಲ್ಲಿ ದುಡಿಯುತ್ತೇನೆ. ಅದನ್ನು ಬರೆದದ್ದು ಲಿನಕ್ಸ್ ಎಂಬ ಬೇರೆ ಕಾರ್ಯವ್ಯವಸ್ಥೆಗೆ. ಹುಮನಾಬಾದಿನ ರಜಿಯಾ ಟೀಚರಿಗೆ ಅದು ವಿಂಡೋಸಿನಲ್ಲಿ ಬೇಕಾಗಿತ್ತು. ಅವರಿಗೆ ಎರಡು ವರ್ಷದ ಹಿಂದೆ ಪೂರ್ತಿ ದೃಷ್ಟಿ ಹೋಗಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ತಾವೇ ಕೆಲಸ ಮಾಡಿ ಸೋಮವಾರ ಬರುವ ಅಧಿಕಾರಿಗೆ ತೋರಿಸದಿದ್ದರೆ ತರಗತಿ ಬಿಡಬೇಕಾಗುತ್ತಿತ್ತು.

ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ವಿಂಡೋಸಿನಲ್ಲಿ ಬೇರೆ. ವೇಗ ಹೆಚ್ಚಿಸಲು ಅದು ನಮ್ಮ ಸಾಲುಗಳನ್ನು ತನ್ನ ಮನಸ್ಸಿಗೆ ಬಂದಂತೆ ಹೊಂದಿಸಿಕೊಳ್ಳುತ್ತದೆ. ಪರಿಣಾಮ, ಒತ್ತಕ್ಷರ ಬಂದ ಕೂಡಲೇ ತಂತ್ರಾಂಶ ಬಂದ್ ಬೀಳುತ್ತಿತ್ತು. ಅದೂ ಶಾಲೆಯ ಯಂತ್ರದಲ್ಲಿ ಮಾತ್ರ, ನನ್ನಲ್ಲಿ ಅಲ್ಲ. ಕಂಪೈಲರ್ ವೇಗ ಹೆಚ್ಚಿಸುವುದನ್ನು ಪೂರ್ತಿ ಬಂದ್ ಮಾಡಿದರೆ ಆ ಹಳೆಯ ಯಂತ್ರ ಒಂದು ಪದಕ್ಕೆ ಮೂರು ಸಲ ತೊದಲುತ್ತಿತ್ತು. ಒತ್ತಕ್ಷರಕ್ಕೆ ಸಂಬಂಧಿಸಿದ ಕಡತಗಳನ್ನೆಲ್ಲ ತಿದ್ದಿ ನೋಡಿದೆ. ಫಲವಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹುಮನಾಬಾದಿಗೆ ಹೋದೆ. ಟೀಚರ್ ಮತ್ತು ಅವರ ತಂಗಿ ಶಾಲೆಯ ಬಾಗಿಲು ತೆರೆಸಿ ಕಾಯುತ್ತಿದ್ದರು. ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಪ್ರಯತ್ನಿಸಿ ಸೋತೆ. ಎಲ್ಲಿ ತಪ್ಪಿದೆಯೋ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡೆ.

ಟೀಚರಿಗೆ ಆಶ್ಚರ್ಯವಾಯಿತು. “ಮತ್ಯಾಕ ಹುಡುಕಾಕತ್ತೀರಿ? ನಿನ್ನೆ ನೀವೇ ಫೋನ್ ಮಾಡಿ ಹೇಳೀರಲ್ರಿ.”

“ನಾ ಫೋನ್ ಮಾಡಿಲ್ರಿ, ಟೀಚರ್.”

“ಹ್ಯಾಂಗ ಮಾಡಿಲ್ಲ? ಬರ್ಕೊಂಡೀನಿ, ತಡೀರಿ.”

ಚೀಲದಿಂದ ಬ್ರೈಲ್ ಚುಚ್ಚಿದ ದಪ್ಪ ಹಾಳೆ ತೆಗೆದು ಅದರ ಮೇಲೆ ಬೆರಳಾಡಿಸಿದರು. “ಅಂಕಿ ಅನ್ನೋ ಕಡತ. ಅದೊಂದಕ್ಕ ವೇಗ ಬಂದ್ ಮಾಡಬೇಕು, ಉಳಿದಿದ್ದು ಹಾಂಗೇ ಬಿಡಬೇಕು. ಹೀಂಗಂದ್ರಿ. ನನಗೇನೂ ತಿಳೀಲಿಲ್ಲ. ನೀವು ಮರೀಬ್ಯಾಡ್ರಿ ಅಂದಿದ್ದಕ್ಕ ಚುಚ್ಚಿ ಇಟ್ಟೆ.”

‘ಅಂಕಿ’ ಎಂಬ ಹೆಸರಿನ ಕಡತ ನಿಜವಾಗಿಯೂ ಇತ್ತು. ಒಂದು, ಎರಡು ಎಂದು ಸಂಖ್ಯೆಗಳನ್ನು ಓದಿಸುವುದಷ್ಟೇ ಅದರ ಕೆಲಸ. ಒತ್ತಕ್ಷರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ನಾನು ಅದನ್ನು ತೆರೆದೇ ಇರಲಿಲ್ಲ. ಅದರ ಹೆಸರನ್ನು ಅವರೆದುರು ಎಂದೂ ಎತ್ತಿರಲಿಲ್ಲ.

ಹಾಳೆಯಲ್ಲಿದ್ದಂತೆ ಮಾಡಿ ಮತ್ತೆ ಕಂಪೈಲ್ ಮಾಡಿದೆ. ಯಂತ್ರ ‘ವಿದ್ಯಾರ್ಥಿ’, ‘ರಾಷ್ಟ್ರ’, ‘ಅಸ್ತಿತ್ವ’ ಎಲ್ಲವನ್ನೂ ತಡವರಿಸದೆ ಓದಿತು. ಟೀಚರ್ ತಂಗಿಯ ಕೈ ಹಿಡಿದುಕೊಂಡು ಅತ್ತರು. ಫೋನು ಬಂದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದೆ; ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಂದರು.

ತಂಗಿ ನಮ್ಮಿಬ್ಬರ ಫೋನನ್ನೂ ತೆರೆದು ನೋಡಿದರು. ಶನಿವಾರ ನನ್ನಿಂದ ಒಂದು ಕರೆಯೂ ಹೋಗಿರಲಿಲ್ಲ, ಅವರಿಗೂ ಬಂದಿರಲಿಲ್ಲ. ಟೀಚರ್ ಹೇಳಿದ ಹೊತ್ತಿಗೆ ನಾನು ಪರೀಕ್ಷಾ ಕೊಠಡಿಯಲ್ಲಿದ್ದೆ. ನನ್ನ ಫೋನು ಆಫೀಸಿನ ಕಪಾಟಿನಲ್ಲಿತ್ತು.

ಸೋಮವಾರ ಅಧಿಕಾರಿ ಬಂದು ನೋಡಿ ಹೋದರು. ಟೀಚರ್ ಇಂದಿಗೂ ಏಳನೇ ತರಗತಿಗೆ ಪಾಠ ಮಾಡುತ್ತಾರೆ. ನನ್ನ ಬದಲಾವಣೆಯನ್ನು ತಂತ್ರಾಂಶದ ಇತರ ಲೇಖಕರೂ ಒಪ್ಪಿಕೊಂಡರು. ಆ ಕಡತ ಯಾಕೆ ಹೀಗೆ ಮಾಡುತ್ತಿತ್ತೆಂದು ಅವರಲ್ಲಿ ಒಬ್ಬರು ಕಂಡುಹಿಡಿದು ವಿವರಿಸಿದರು. ಆ ವಿವರಣೆ ಸರಿಯಾಗಿದೆ. ಆದರೆ ನನಗೆ ಬೇಕಿದ್ದ ಉತ್ತರ ಅದಲ್ಲ.

ಕೆಲವು ತಿಂಗಳ ನಂತರ ಧೈರ್ಯ ಮಾಡಿ ಕೇಳಿದೆ. “ಟೀಚರ್, ಆವತ್ತು ಮಾತಾಡಿದ್ದು ಖರೇನ ನನ್ನ ದನಿ ಏನ್ರಿ?”

“ನಿಮ್ದೇರಿ. ದನಿ ಗುರುತು ಹಿಡಿಯೋದ್ರಾಗ ನಾ ತಪ್ಪಂಗಿಲ್ಲ,” ಎಂದರು. ಆಮೇಲೆ, “ಆದ್ರ ಭಾಳ ವಯಸ್ಸಾದಂಗ ಕೇಳಿಸ್ತು. ಆರಾಮ ಇಲ್ಲೇನೋ ಅನ್ಕೊಂಡೆ,” ಎಂದರು.

ಈಗ ಅವರಿಗೆ ಫೋನ್ ಮಾಡಿದಾಗಲೆಲ್ಲ, ಮಾತಾಡುತ್ತಿರುವುದು ಇಂದಿನ ನಾನೇ ಎಂದು ಗೊತ್ತಿರಲೆಂದು, ಮೊದಲು ಅಂದಿನ ತಾರೀಖು ಹೇಳಿಯೇ ಮಾತು ಶುರು ಮಾಡುತ್ತೇನೆ. ಯಾಕೆಂದು ಅವರು ಕೇಳಿಲ್ಲ.