ಸದ್ದಿಲ್ಲದ ಟೈರು ಬೇಡವೆಂದ ಭಾವ

ನಮ್ಮ ಭಾವನವರಿಗೆ, ಅಂದರೆ ಅಕ್ಕನ ಗಂಡನಿಗೆ, ತಿಳಿಯದ ವಿಷಯವೇ ಇಲ್ಲ. ರಾಗಿಗೆ ಯಾವ ಗೊಬ್ಬರ, ಮಂಡಿನೋವಿಗೆ ಯಾವ ಎಣ್ಣೆ, ಎಲ್ಲದಕ್ಕೂ ತೀರ್ಪು ರೆಡಿ. ಕೇಳುವ ಕಷ್ಟವನ್ನೂ ಯಾರಿಗೂ ಕೊಡುವುದಿಲ್ಲ, ಪುಣ್ಯಾತ್ಮರು.

ಮುಳಬಾಗಿಲಿನಲ್ಲಿ ನಾವಿಬ್ಬರೂ ಸೇರಿ ಟೋಯಿಂಗ್ ಗಾಡಿ ಇಟ್ಟಿದ್ದೇವೆ. ಕೆಟ್ಟು ನಿಂತ ಲಾರಿ, ಟೆಂಪೋಗಳನ್ನು ಕಬ್ಬಿಣದ ಪೈಪು ಕಟ್ಟಿ ಗ್ಯಾರೇಜಿಗೆ ಎಳೆದು ತರುವ ಕೆಲಸ. ಓಡಿಸುವವನು ನಾನು. ಹಿಂದೆ ಕೆಟ್ಟ ಗಾಡಿಯಲ್ಲಿ ಸ್ಟೇರಿಂಗ್ ಹಿಡಿದು ಕೂರುವವರು ಭಾವ.

ನಮ್ಮ ಗಾಡಿಯ ಟೈರು ಸವೆದಾಗ ಕೋಲಾರಕ್ಕೆ ಹೋದೆವು. ಅಂಗಡಿಯವನು ಒಂದು ಟೈರು ಉರುಳಿಸಿ ತಂದ. "ಮಳೆ, ಬಿಸಿಲು ಎರಡಕ್ಕೂ ಆಗ್ತದೆ ಸಾರ್. ಸದ್ದಿರಲ್ಲ, ಬಾಳಿಕೇನೂ ಜಾಸ್ತಿ."

ಭಾವ ರಬ್ಬರಿಗೆ ಹೆಬ್ಬೆರಳ ಉಗುರು ಒತ್ತಿದರು, ಕಾಲಿನಿಂದ ಒದ್ದರು. ಅಷ್ಟಕ್ಕೆ ಪರೀಕ್ಷೆ ಮುಗಿಯಿತು.

"ಸದ್ದಿಲ್ದಿದ್ರೆ ಹಿಡಿತ ಎಲ್ಲಿಂದ ಬರ್ತದೆ ರೀ? ದಪ್ಪ ಹಲ್ಲಿರೋದು ತೋರ್ಸಿ. ನಮ್ ಗಾಡಿ ಬರ್ತಾ ಐತೆ ಅಂತ ಊರಿಗೆಲ್ಲ ಗೊತ್ತಾಗ್ಬೇಕು!"

ದಪ್ಪ ಹಲ್ಲಿನ ಟೈರು ಕಲ್ಲುಕ್ವಾರಿಗೆ ಸರಿ, ಡಾಂಬರು ರಸ್ತೆಗೆ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಂಗಡಿಯವರ ಮುಂದೆ ಅಕ್ಕನ ಗಂಡನಿಗೆ ಎದುರಾಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಬಾಯಿ ಮುಚ್ಚಿಕೊಂಡು ನಿಂತೆ. ಆರು ಚಕ್ರಕ್ಕೂ ಅದೇ ಹಾಕಿಸಿದೆವು.

ಹೆದ್ದಾರಿಗೆ ಬಂದಿದ್ದೇ ತಡ, ಟೈರುಗಳು ಬೊಬ್ಬೆ ಹೊಡೆಯತೊಡಗಿದವು. ಪಕ್ಕದಲ್ಲಿ ಕೂತ ಭಾವನ ಮುಖ ನೋಡಬೇಕಿತ್ತು, ಮಗಳ ಮದುವೆ ಮಾಡಿದಷ್ಟು ಸಂತೋಷ. "ಕೇಳ್ತಾ ಐತೇನೋ?" ಎಂದು ಕಿರುಚಿದರು.

"ಇದೊಂದೇ ಕೇಳ್ತಾ ಇರೋದು ಭಾವಾ!"

ಮಾವಿನ ಸುಗ್ಗಿ ಶುರುವಾಯಿತು. ರಾಯಲ್ಪಾಡಿನ ಹತ್ತಿರ ಮಾವಿನಕಾಯಿ ತುಂಬಿದ ಒಂದು ಟೆಂಪೋ ವೈರಿಂಗ್ ಸುಟ್ಟು ನಿಂತಿತ್ತು. ಅದರ ಡ್ರೈವರ್ ಕಾಯಿಯನ್ನು ಬೇರೆ ಗಾಡಿಗೆ ತುಂಬಿಸಿಕೊಂಡು ಮುಂದೆ ಹೊರಟ. ಖಾಲಿ ಟೆಂಪೋದಲ್ಲಿ ಭಾವ ಕೂತರು, ನಾನು ಶ್ರೀನಿವಾಸಪುರದ ಕಡೆ ಎಳೆದೆ.

ಅರ್ಧ ದಾರಿಯಲ್ಲಿ ಒಬ್ಬ ಬೈಕಿನವನು ಅಡ್ಡ ಬಂದು ಹಿಂದಕ್ಕೆ ಕೈ ತೋರಿಸಿದ. ಇಳಿದು ಹಿಂದಕ್ಕೆ ಓಡಿದೆ. ಟೆಂಪೋದ ಮುಂದಿನ ಚಕ್ರ ತಿರುಗದೆ ಕಚ್ಚಿಕೊಂಡು, ರಸ್ತೆಗೆ ಉಜ್ಜಿದ ರಬ್ಬರಿನ ಹೊಗೆ ಕ್ಯಾಬಿನ್ ತುಂಬಿತ್ತು. ಭಾವ ಬಾಗಿಲಿನಿಂದ ಜಾರಿ ಮಣ್ಣಿನ ಮೇಲೆ ಕೂತು ಕೆಮ್ಮಿದರು. ವೈರಿಂಗ್ ಜೊತೆಗೆ ಹಾರ್ನೂ ಸತ್ತಿತ್ತು. ಬ್ರೇಕು ತುಳಿದರೂ ನನ್ನ ಗಾಡಿ ಎಳೆದುಕೊಂಡೇ ಹೋಗಿತ್ತು. ನನ್ನ ಫೋನಿನಲ್ಲಿ ಅವರವೇ ಹದಿಮೂರು ಮಿಸ್ಡ್ ಕಾಲ್, ಟೈರಿನ ಬೊಬ್ಬೆಯಲ್ಲಿ ಒಂದೂ ಕೇಳಿಸಿರಲಿಲ್ಲ.

"ಅರಚ್ದೆ ಕಣೋ," ಎಂದರು. ಗಂಟಲಿನಿಂದ ಬರೀ ಗಾಳಿ ಬಂತು. "ಸತ್ತೇ ಹೋಗ್ತೀನಿ ಅನ್ಕೊಂಡೆ."

ಮನೆಯಲ್ಲಿ ನಡೆದದ್ದೆಲ್ಲ ಕೇಳಿದ ಅಕ್ಕ ಅವರಿಗೆ ಬಿಸಿನೀರು ಕೊಟ್ಟು ನನ್ನ ಕಡೆ ತಿರುಗಿದಳು. "ನಿಂಗೆ ಟೈರಿನ ವಿಷ್ಯ ಗೊತ್ತಿತ್ತಲ್ಲೋ, ಅಂಗಡೀಲೇ ಯಾಕ್ ಹೇಳ್ಲಿಲ್ಲ?"

"ದೊಡ್ಡೋರ ಎದುರು ಹೆಂಗಕ್ಕ ಮಾತಾಡೋದು?"

ಹಸಿ ಸುಳ್ಳು. ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ಈ ಮನುಷ್ಯ ಒಂದು ಸಲವಾದರೂ ಮುಖಭಂಗವಾಗಿ ನಿಲ್ಲುವುದನ್ನು ಕಣ್ಣಾರೆ ನೋಡಬೇಕೆಂದು ಸುಮ್ಮನಿದ್ದೆ. ಅವರು ತಿಳಿಯದೆ ತಪ್ಪು ಮಾಡಿದರು. ತಿಳಿದೂ ಮಾಡಿದ ನೀಚ ನಾನು.

ಅಕ್ಕ ನಂಬಿದಳು. "ನೋಡ್ರೀ, ನಿಮ್ಮ ಮೇಲೆ ಎಷ್ಟು ಗೌರವ ನನ್ ತಮ್ಮನಿಗೆ," ಎಂದು ಗಂಡನಿಗೆ ಹೇಳಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ದನಿ ಸತ್ತ ಭಾವ ಹೌದೆಂದು ತಲೆಯಾಡಿಸಿದರು.